1,247 ಹವಾಮಾನಗಳು!

ಫ್ರಾನ್ಸಿನ ಬರ್ಗಂಡಿಯ ದ್ರಾಕ್ಷಿತೋಟಗಳ ಬಗ್ಗೆ ಒಂದು ಪುಟವನ್ನ ಕನ್ನಡಕ್ಕೆ ತರೋದು ನಮ್ಮ ಫ್ರೆಂಚ್ ಕ್ಲಾಸಿನ ಅಸೈನ್‌ಮೆಂಟ್. ನಾವು ಮೂವರೂ 'ಕ್ಲಿಮಾ' ಅನ್ನೋದನ್ನ ಕಣ್ಣುಮುಚ್ಚಿ 'ಹವಾಮಾನ' ಅಂತ ಬರೆದ್ವಿ. '1,247 ಹವಾಮಾನಗಳು' ಅಂತ ಬರೆದಾಗಲೂ ಅನುಮಾನ ಬರಲಿಲ್ಲ!

ಮೇಡಂ ನಕ್ಕು ತಿದ್ದಿದರು. ಬರ್ಗಂಡಿಯಲ್ಲಿ ಕ್ಲಿಮಾ ಅಂದರೆ ಗಡಿ, ಹೆಸರು ಎರಡೂ ಇರುವ ದ್ರಾಕ್ಷಿಯ ತಾಕು. 2015ರಲ್ಲಿ ಯುನೆಸ್ಕೋ ಇವನ್ನ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ತಾಕಿನ ಸುತ್ತ ಗೋಡೆ ಇದ್ದರೆ ಅದು 'ಕ್ಲೋ'. ಬೆಳೆಯೋದು ಮುಖ್ಯವಾಗಿ ಎರಡೇ ತಳಿ: ಪಿನೋ ನ್ವಾರ್, ಶಾರ್ದೊನೆ. ಆದರೂ ಪಕ್ಕಪಕ್ಕದ ತಾಕುಗಳ ವೈನಿಗೆ ಬೇರೆ ಬೇರೆ ರುಚಿಯಂತೆ. ಮಣ್ಣು, ಇಳಿಜಾರು, ಬಿಸಿಲು, ಬೆಳೆಗಾರರ ಕೈಗುಣ ಎಲ್ಲ ಸೇರಿದ್ದೇ 'ತೆರ್ವಾರ್'. ಅದಕ್ಕೆ ಕನ್ನಡ ಪದ ಹುಡುಕಿ ಸೋತು, ಹಾಗೇ ಬಿಟ್ವಿ.

ಆ ರಾತ್ರಿ ಮನೆಗೆ ಫೋನ್ ಮಾಡಿ ನಮ್ಮ ಹೊಲಗಳ ಹೆಸರು ಕೇಳಿದ್ವಿ. ಅಲ್ಲೀವರೆಗೆ ನಮಗೆ ಗೊತ್ತಿದ್ದದ್ದು ಪಹಣಿಯ ಸರ್ವೆ ನಂಬರ್ ಮಾತ್ರ.