ತಂಬಾಕು ಪೋಣಿಸಿದವರ ಹಾಡು

ಇಟಲಿಯ ಹಾಡು ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ನೇಪಲ್ಸ್‌ನ ‘ಓ ಸೋಲೆ ಮಿಯೊ’. 1898ರ ಆ ಹಾಡಿನ ಬಿಸಿಲು ಹಿತವಾದದ್ದು, ಮಳೆ ನಿಂತ ಮೇಲೆ ಮೂಡುವಂಥದ್ದು. ಅಲ್ಲಿಂದ ಇನ್ನೂ ಕೆಳಕ್ಕೆ, ಬೂಟಿನಾಕಾರದ ಇಟಲಿಯ ಹಿಮ್ಮಡಿಗೆ ಇಳಿದರೆ ಸಲೆಂತೊ ಸೀಮೆ. ಅಲ್ಲಿನ ಹಳೆಯ ಹಾಡುಗಳಲ್ಲಿ ಬಿಸಿಲೆಂದರೆ ಕೂಲಿಯವರ ಬೆನ್ನು ಸುಡುವ ಬಿಸಿಲು. ವರ್ಷಗಳಿಂದ ನನ್ನ ಕಿವಿಯಲ್ಲಿ ಉಳಿದಿರುವುದು ಈ ಹಾಡುಗಳೇ.

‘ಫಿಮ್ಮೆನೆ ಫಿಮ್ಮೆನೆ’ ತಂಬಾಕಿನ ಕೆಲಸಕ್ಕೆ ಹೋಗುವ ಹೆಂಗಸರ ಹಾಡು. ಕಳೆದ ಶತಮಾನದಲ್ಲಿ ಸಲೆಂತೊದ ಎಷ್ಟೋ ಬಡವರ ಮನೆಗಳಲ್ಲಿ ಒಲೆ ಉರಿದದ್ದು ಈ ಬೆಳೆಯಿಂದ. ಬೆಳಕು ಹರಿಯುವ ಮುಂಚೆಯೇ ಹೊಲಕ್ಕಿಳಿದು ಎಲೆ ಕೀಳಬೇಕು. ಆಮೇಲೆ ನೆರಳಲ್ಲಿ ಸಾಲಾಗಿ ಕೂತು, ಉದ್ದನೆಯ ಚಪ್ಪಟೆ ಸೂಜಿಯಿಂದ ಒಂದೊಂದೇ ಎಲೆಯನ್ನು ಚುಚ್ಚಿ, ದಾರಕ್ಕೆ ಪೋಣಿಸಿ, ಮರದ ಚೌಕಟ್ಟಿಗೆ ಕಟ್ಟಿ ಒಣಹಾಕಬೇಕು. ಮಕ್ಕಳ ಕೈಗೂ ಸೂಜಿ. ಎಲೆಯ ಅಂಟು ಬೆರಳಿಗೆ ಮೆತ್ತಿ ಕಪ್ಪಗಾಗುತ್ತದೆ. ಒಣಗಿದ ಎಲೆಯನ್ನು ಗೋದಾಮಿನಲ್ಲಿ ವಿಂಗಡಿಸುವವರೂ ಹೆಂಗಸರೇ. ಹೀಗೆ ಕೂಲಿಗೆ ಹೋದ ಹೆಣ್ಣಿನ ಮಾನಕ್ಕೆ ಇದ್ದ ಅಪಾಯವನ್ನೂ ಆ ಹಾಡು ಒಗಟಿನ ಮಾತಿನಲ್ಲಿ ಹೇಳಿಬಿಡುತ್ತದೆ. 1935ರ ಮೇ 15ರಂದು ತ್ರಿಕಾಸೆ ಎಂಬ ಊರಿನಲ್ಲಿ, ತಂಬಾಕಿನ ಸಹಕಾರಿ ಒಕ್ಕೂಟ ಕೈಬಿಟ್ಟುಹೋಗುತ್ತದೆಂಬ ಆತಂಕದಲ್ಲಿ ಜನ ಬೀದಿಗಿಳಿದರು. ಗುಂಡು ಹಾರಿತು, ಐವರು ಸತ್ತರು. ಇದೆಲ್ಲ ತಿಳಿದ ಮೇಲೆ ಆ ಹಾಡನ್ನು ಬರೀ ಕುಣಿತದ ಹಾಡೆಂದು ಕೇಳುವುದು ನನ್ನಿಂದಾಗದು.

1954ರಲ್ಲಿ ಅಮೆರಿಕದ ಅಲನ್ ಲೊಮ್ಯಾಕ್ಸ್ ಮತ್ತು ಇಟಲಿಯ ಡಿಯೆಗೊ ಕಾರ್ಪಿಟೆಲ್ಲಾ ಟೇಪ್ ರೆಕಾರ್ಡರ್ ಹೊತ್ತು ಹಳ್ಳಿ ಹಳ್ಳಿ ತಿರುಗುತ್ತ ಸಲೆಂತೊಗೂ ಬಂದರು. ಅವರು ಹಿಡಿದಿಟ್ಟ ದನಿಗಳಲ್ಲಿ ಯಾವ ವಾದ್ಯವೂ ಇಲ್ಲದೆ ಹಾಡುವ ಗುಂಪುಗಳಿವೆ. ಒಬ್ಬರು ಎತ್ತಿಕೊಳ್ಳುತ್ತಾರೆ, ಉಳಿದವರು ಬಂದು ಸೇರುತ್ತಾರೆ, ಸಾಲಿನ ಕೊನೆಯ ಸ್ವರವನ್ನು ಆಚೆಯ ಹೊಲಕ್ಕೂ ಮುಟ್ಟಲೆಂಬಂತೆ ಎಳೆಯುತ್ತಾರೆ. ನನ್ನ ಅಜ್ಜಿ ರಾಗಿ ಬೀಸುವಾಗ ಹೇಳುತ್ತಿದ್ದ ಪದಗಳೂ ಹೀಗೆಯೇ, ಯಾರೋ ಕೇಳಲಿ ಎಂದು ಹಾಡಿದವಲ್ಲ. ಅವನ್ನು ಯಾರೂ ರೆಕಾರ್ಡ್ ಮಾಡಲಿಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂತು, ಪದ ನಿಂತಿತು, ಅಜ್ಜಿಯೂ ಹೋದಳು. ಅದಕ್ಕೇ ಇರಬೇಕು, ಗುರುತು ಪರಿಚಯವಿಲ್ಲದ ಆ ಹೆಂಗಸರ ದನಿ ಕೇಳಿದರೆ ನನಗೆ ಗಂಟಲು ಕಟ್ಟುತ್ತದೆ.

ಇಂದು ಜಗತ್ತು ಮೆಚ್ಚಿ ಕುಣಿಯುವ ‘ಪಿಜ್ಜಿಕಾ’ ಒಂದು ಕಾಲಕ್ಕೆ ಮದ್ದಾಗಿತ್ತು. ಸುಗ್ಗಿಯ ಹೊಲದಲ್ಲಿ ಜೇಡ ಕಚ್ಚಿತೆಂದು ಹೆಂಗಸರು ಕುಸಿದು ಬೀಳುತ್ತಿದ್ದರು. ಆಗ ಮನೆಗೆ ವಾದ್ಯದವರು ಬರಬೇಕು. ನಾರ್ದೊ ಊರಿನ ಲುಯಿಜಿ ಸ್ತಿಫಾನಿ ವೃತ್ತಿಯಲ್ಲಿ ಕ್ಷೌರಿಕ, ಕೈಯಲ್ಲಿ ಪಿಟೀಲು. ನೆಲಕ್ಕೆ ಬಿಳಿ ಚಾದರ ಹಾಸಿ ಅದರ ಮೇಲೆ ಬಿಳಿ ಬಟ್ಟೆಯ ಹೆಂಗಸನ್ನು ಬಿಟ್ಟು, ಅವಳು ಎದ್ದು ಕುಣಿದು ದಣಿಯುವವರೆಗೂ ಆತ ಪಿಟೀಲು ನುಡಿಸುತ್ತಿದ್ದ, ಜೊತೆಗೆ ತಂಬೂರಿನ್ ಬಡಿತ. ಜೂನ್ 29ಕ್ಕೆ ಅವರೆಲ್ಲ ಗಲತೀನಾದ ಸಂತ ಪೌಲನ ಗುಡಿಗೆ ಹೋಗಿ ಬಾವಿಯ ನೀರು ಕುಡಿಯುತ್ತಿದ್ದರು. 1959ರಲ್ಲಿ ಎರ್ನೆಸ್ತೊ ದೆ ಮಾರ್ತಿನೊ ಎಂಬ ವಿದ್ವಾಂಸರು ತಂಡದೊಂದಿಗೆ ಬಂದು ನೋಡಿ, ಇದು ಬರೀ ಜೇಡದ ವಿಷವಲ್ಲ ಎಂದು ಕಂಡುಕೊಂಡರು. ಬಾಯಿಬಿಟ್ಟು ಹೇಳಲಾಗದ ಸಂಕಟ ವರ್ಷಕ್ಕೊಮ್ಮೆ ಮೈಯಿಂದ ಹೊರಬರುತ್ತಿತ್ತು. ಸ್ತಿಫಾನಿ 2000ದಲ್ಲಿ ತೀರಿಕೊಂಡರು. ಅಷ್ಟರಲ್ಲಿ ಆ ಬೇನೆ ಮರೆಯಾಗಿತ್ತು. ಅದು ಹೋದದ್ದು ಒಳ್ಳೆಯದೇ ಆಯಿತು. ಬಡತನವನ್ನು ನೆನೆದು ಹಂಬಲಿಸುವಷ್ಟು ಕಲ್ಲುಮನಸ್ಸು ನನ್ನದಲ್ಲ.

ಹಂಬಲ ಹುಟ್ಟಿಸುವುದು ‘ಕ್ಲಾಮಾ’. ಸಲೆಂತೊದ ಕೆಲವು ಊರುಗಳಲ್ಲಿ ಗ್ರೀಕ್ ಮೂಲದ ಗ್ರೀಕೊ ನುಡಿಯಿದೆ. ಅಲ್ಲಿಯ ಕಲಿಮೇರಾದ ಫ್ರಾಂಕೊ ಕೊರ್ಲಿಯಾನೊ ಆ ನುಡಿಯಲ್ಲೇ ಬರೆದ ಹಾಡು ಇದು. ಎರಡನೆಯ ಮಹಾಯುದ್ಧದ ನಂತರ ದಕ್ಷಿಣದ ಗಂಡಸರು ಬೆಲ್ಜಿಯಂನ ಕಲ್ಲಿದ್ದಲ ಗಣಿಗೆ, ಸ್ವಿಟ್ಜರ್ಲೆಂಡಿಗೆ, ಜರ್ಮನಿಗೆ ರೈಲು ಹತ್ತಿದರು. 1956ರ ಆಗಸ್ಟ್ 8ರಂದು ಬೆಲ್ಜಿಯಂನ ಮಾರ್ಸಿನೆಲ್ ಗಣಿಯಲ್ಲಿ ಸತ್ತ 262 ಜನರಲ್ಲಿ 136 ಮಂದಿ ಇಟಲಿಯವರು. ‘ಕ್ಲಾಮಾ’ದಲ್ಲೂ ಜನ ದುಡಿಯುತ್ತಲೇ ಸಾಯುವ ಗಣಿಯ ಕತ್ತಲಿದೆ. ಗಂಡನನ್ನು ಜರ್ಮನಿಯ ರೈಲಿಗೆ ಕಳಿಸುವ ಹೆಂಡತಿ ಇದ್ದಾಳೆ, ಯಾಕೆ ಹೋಗಬೇಕು ಎಂಬ ಪ್ರಶ್ನೆ ಇದೆ. ದುಡಿಯುವವನ ಬೆವರಿನಿಂದ ಧಣಿಗಳು ಕೊಬ್ಬುವ ಲೋಕವೇ ಅದಕ್ಕೆ ಸಿಗುವ ಉತ್ತರ. ಇಡೀ ದಕ್ಷಿಣ ಇಟಲಿಯ ಚರಿತ್ರೆಯನ್ನು ಇದಕ್ಕಿಂತ ಚಿಕ್ಕದಾಗಿ, ಇದಕ್ಕಿಂತ ನಿಜವಾಗಿ ಹೇಳಿದ ಇನ್ನೊಂದು ಹಾಡು ನನಗೆ ಗೊತ್ತಿಲ್ಲ.

ಗ್ರೀಕೊವನ್ನು ಮನೆಮಾತಾಗಿ ಆಡುವವರು ಈಗ ಹೆಚ್ಚಾಗಿ ವಯಸ್ಸಾದವರು. ತಂಬಾಕಿನ ಹೊಲಗಳು ಹೋದವು. ಅಜ್ಜ ಮುತ್ತಜ್ಜಂದಿರ ಕಾಲದ ಆಲಿವ್ ಮರಗಳಿಗೆ 2013ರಿಂದ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ಬಡಿದು, ಲಕ್ಷಾಂತರ ಮರಗಳು ನಿಂತಲ್ಲೇ ಒಣಗಿವೆ. ಸಲೆಂತೊದ ಮೆಲ್ಪಿನ್ಯಾನೊ ಎಂಬ ಊರಿನಲ್ಲಿ 1998ರಿಂದ ಪ್ರತಿ ಬೇಸಿಗೆ ‘ನೊತ್ತೆ ದೆಲ್ಲಾ ತರಾಂತಾ’ ಉತ್ಸವ ನಡೆಯುತ್ತದೆ, ಲಕ್ಷಕ್ಕೂ ಮಿಕ್ಕಿ ಜನ ರಾತ್ರಿಯಿಡೀ ಕುಣಿಯುತ್ತಾರೆ. ಅದನ್ನು ನಾನು ಹಳಿಯುವುದಿಲ್ಲ. ಹಾಡಲು ನಾಚುತ್ತಿದ್ದ ಮೊಮ್ಮಕ್ಕಳು ಅಜ್ಜಿಯ ಹಾಡನ್ನು ಮತ್ತೆ ಕಲಿಯುವಂತೆ ಮಾಡಿದ್ದರಲ್ಲಿ ಅದರ ಪಾಲು ದೊಡ್ಡದು. ಆದರೆ ದೊಡ್ಡ ಸ್ಪೀಕರಿನ ಅಬ್ಬರದಲ್ಲಿ ಆ ಒಂಟಿ ದನಿಯ ಬಿರುಕು ಕೇಳಿಸುವುದಿಲ್ಲ.

ಲೊಮ್ಯಾಕ್ಸ್ ಸಂಗ್ರಹ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಉತ್ಸವದ ವಿಡಿಯೊ ನೋಡುವ ಮೊದಲು ಅದನ್ನು ಕೇಳಿ. ನಿಮ್ಮ ಮನೆಯಲ್ಲಿ ಪದ ಬಲ್ಲ ಹಿರಿಯರು ಇನ್ನೂ ಇದ್ದರೆ, ಫೋನು ಹತ್ತಿರವಿಟ್ಟು ಇವತ್ತೇ ಹಾಡಿಸಿ ಇಟ್ಟುಕೊಳ್ಳಿ.