ಮೂಗಿನ ಮೇಲಿನ ಗುರುತು

ಬೇಸಿಗೆ ರಜೆಗೆ ಬಸವನಗುಡಿಯ ನಮ್ಮ ಮನೆಗೆ ಬಂದಿದ್ದ ಮೊಮ್ಮಗಳು, "ಕಪ್ಪು ಬಿಳುಪು ಸಿನಿಮಾನಾ ಅಜ್ಜಿ? ಅದೂ ಒಂದೇ ರೂಮಲ್ಲಿ!" ಎಂದು ಮೂತಿ ಉದ್ದ ಮಾಡಿದಳು. ನಾನು ಹಾಕಿದ್ದು 1957ರ '12 ಆಂಗ್ರಿ ಮೆನ್'. ಚುರುಮುರಿ ಮುಗಿಯೋವರೆಗೆ ಮಾತ್ರ ನೋಡ್ತೀನಿ ಎಂದವಳು 96 ನಿಮಿಷವೂ ಅಲುಗಾಡದೆ ಕೂತಳು.

ಕಥೆ ಇಷ್ಟೇ. ಅಪ್ಪನನ್ನು ಕೊಂದ ಆರೋಪ ಹೊತ್ತ ಹದಿನೆಂಟರ ಹುಡುಗ. ಹನ್ನೆರಡು ಮಂದಿ ಜ್ಯೂರಿ ಒಮ್ಮತಕ್ಕೆ ಬರಬೇಕು, ತಪ್ಪಿತಸ್ಥ ಎಂದರೆ ಮರಣದಂಡನೆ. ಹನ್ನೊಂದು ಜನ ಆಗಲೇ ತೀರ್ಮಾನಿಸಿಬಿಟ್ಟಿದ್ದಾರೆ. ಹೆನ್ರಿ ಫಾಂಡಾ ಒಬ್ಬ ಮಾತ್ರ ತಡೆಯುತ್ತಾನೆ. ಹುಡುಗ ನಿರಪರಾಧಿ ಅಂತ ಅವನೂ ಹೇಳುವುದಿಲ್ಲ. ಒಂದಿಷ್ಟು ಮಾತಾಡೋಣ ಎನ್ನುತ್ತಾನೆ, ಅಷ್ಟೆ. ನಿರ್ದೇಶಕ ಸಿಡ್ನಿ ಲ್ಯುಮೆಟ್‌ಗೆ ಇದು ಮೊದಲ ಚಿತ್ರ. ಆರಂಭದಲ್ಲಿ ಮೇಲಿಂದ ನೋಡುವ ಕ್ಯಾಮೆರಾ ಬರಬರುತ್ತಾ ಕೆಳಗಿಳಿದು, ಗೋಡೆಗಳೇ ಹತ್ತಿರ ಬಂದಂತಾಗಿ, ಆ ಕೋಣೆಯ ಸೆಕೆ ನಮಗೂ ತಟ್ಟುತ್ತದೆ. 2012ರಲ್ಲಿ ಇದೇ ಕಥೆ ಕನ್ನಡದಲ್ಲಿ 'ದಶಮುಖ'ವಾಗಿ ಬಂತು. ನನಗೇನೋ ಹಳೆಯದೇ ಇಷ್ಟ.

ರೈಲಿನ ಬೋಗಿಗಳ ಆಚೆಯಿಂದ ಕೊಲೆ ಕಂಡೆ ಎಂದು ಸಾಕ್ಷಿ ಹೇಳಿದ ಹೆಂಗಸೊಬ್ಬಳಿದ್ದಾಳೆ. ಅವಳ ಮೂಗಿನ ಎರಡೂ ಬದಿ ಕನ್ನಡಕದ ಗುರುತಿದ್ದದ್ದು ಜ್ಯೂರಿಯ ಮುದುಕನೊಬ್ಬನಿಗೆ ನೆನಪಾಗುತ್ತದೆ. ಹಾಸಿಗೆಯಲ್ಲಿದ್ದವಳು ಕನ್ನಡಕ ಹಾಕಿಕೊಂಡಿದ್ದಳೇ?

ಅಲ್ಲಿಗೆ ಬಂದಾಗ ನನಗೆ ಪ್ರತಿ ಸಲವೂ ಚಾಮರಾಜಪೇಟೆಯ ವಠಾರ ಕಾಣುತ್ತದೆ. ನನಗಾಗ ಒಂಬತ್ತು ವರ್ಷ. ಮನೆಯ ಬೆಳ್ಳಿ ಲೋಟ ಕಳೆದಿತ್ತು. "ಯಾರಾದ್ರೂ ಒಳಗೆ ಬಂದಿದ್ರೇನೇ?" ಎಂದು ಅಮ್ಮ ಕೇಳಿದರು. "ಹೂವಿನವಳ ಮಗ ಓಡಿಹೋದ, ನಾನೇ ನೋಡಿದೆ" ಎಂದೆ. ನೋಡಿದ್ದು ಒಂದು ನೀಲಿ ಅಂಗಿ. ವಠಾರದ ಅರ್ಧ ಹುಡುಗರು ನೀಲಿ ಅಂಗಿಯವರೇ! ನಲ್ಲಿಯ ಹತ್ತಿರ ಆರು ಮನೆಯವರು ಸೇರಿದರು. ಹುಡುಗ ಅಳುತ್ತಾ ನನ್ನನ್ನೇ ನೋಡುತ್ತಿದ್ದ. 'ಸ್ವಲ್ಪ ತಾಳಿ' ಅನ್ನುವವರು ಅಲ್ಲಿ ಒಬ್ಬರೂ ಇರಲಿಲ್ಲ. ಕೊಡದ ನೀರು ತುಂಬುವಷ್ಟರಲ್ಲಿ ತೀರ್ಪಾಯಿತು.

ಆಯುಧಪೂಜೆಗೆ ಮನೆ ತೊಳೆಯುವಾಗ ಲೋಟ ಅಕ್ಕಿ ಡಬ್ಬದ ತಳದಲ್ಲಿ ಸಿಕ್ಕಿತು. ಅಮ್ಮ ನನ್ನ ಕೈ ಹಿಡಿದು ಮಾರ್ಕೆಟ್ಟಿನ ಹೂವಿನ ಸಾಲುಗಳಲ್ಲೆಲ್ಲ ಹುಡುಕಿದರು. ತಾಯಿ, ಮಗ ಇಬ್ಬರೂ ಸಿಗಲಿಲ್ಲ.

ಇದನ್ನು ಮೊಮ್ಮಗಳಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಆಗ ನಿಂಗೆ ಕನ್ನಡಕ ಇತ್ತಾ ಅಜ್ಜಿ?" ಎಂದಳು.

ಇರಲಿಲ್ಲ. ಬೋರ್ಡಿನ ಅಕ್ಷರ ಕಾಣಿಸ್ತಿಲ್ಲ ಅಂತ ಸ್ಕೂಲಿನಿಂದ ಚೀಟಿ ಬಂದದ್ದು ಮರುವರ್ಷ.