ಬೆಳವಣಕಿಯಿಂದ ಕಾರವಾರಕ್ಕೆ: ಶಿಶುಮಾರ ದರ್ಶನ

ರೋಣ ತಾಲೂಕಿನ ಬೆಳವಣಕಿಯು ಎರೆಭೂಮಿಯ ಊರು. ಜೋಳ, ಗೋದಿ, ಕಡಲೆ, ಹತ್ತಿ ಇಲ್ಲಿಯ ಜೀವಾಳ. ಇಲ್ಲಿಯವರಿಗೆ ಕಡಲೆಯ ಪರಿಚಯವುಂಟೇ ಹೊರತು ಕಡಲಿನ ಪರಿಚಯವಿಲ್ಲವೆಂದು ನಾವು ವಿನೋದಕ್ಕೆ ಹೇಳುವುದುಂಟು. ಈ ಸೀಮೆಯ ಹಳ್ಳಗಳ ನೀರು ಸಹ ಮಲಪ್ರಭೆಯನ್ನು ಸೇರಿ, ಕೃಷ್ಣೆಯೊಡಗೂಡಿ ಪೂರ್ವಸಮುದ್ರದತ್ತಲೇ ಸಾಗುತ್ತದೆ. ನಾವು ಮಾತ್ರ ಕಳೆದ ಮಾಘಮಾಸದಲ್ಲಿ, ಕಡಲೆಯ ರಾಶಿ ಮುಗಿದ ಬಳಿಕ, ಊರಿನ ಕೆಲವು ಕುಟುಂಬಗಳೊಡನೆ ಪಶ್ಚಿಮಸಮುದ್ರವನ್ನು ಕಾಣಲು ಕಾರವಾರಕ್ಕೆ ಹೊರಟೆವು.

ಹೊರಡುವಾಗ ನಮ್ಮ ಮನಸ್ಸಿನಲ್ಲಿ ಒಂದು ಪದವಿತ್ತು. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದವರು ನಾವು. ಅದರ ವಾರಿವರ್ಗದಲ್ಲಿ ಜಲಚರಗಳ ಸಾಲಿನಲ್ಲಿ ‘ಶಿಶುಮಾರ’ ಎಂಬ ಹೆಸರು ಬರುತ್ತದೆ. ಪದವನ್ನು ಬಿಡಿಸಿದರೆ ಶಿಶುಗಳನ್ನು ಕೊಲ್ಲುವಂಥದು ಎಂದರ್ಥ. ನಿಘಂಟುಕಾರರು ಈ ಹೆಸರನ್ನು ಗಂಗಾನದಿಯ ಡಾಲ್ಫಿನ್‌ಗೆ ಹೊಂದಿಸುತ್ತಾರೆ. ನಾವು ಅದನ್ನಾಗಲಿ, ಅದರ ಕಡಲಿನ ಬಂಧುಗಳನ್ನಾಗಲಿ ಕಂಡವರಲ್ಲ. ಆದರೂ ಬೆಳವಣಕಿಯ ಮಕ್ಕಳಿಗೆ ಸಂಸ್ಕೃತ ಪಾಠ ಹೇಳುವಾಗ, ಅದು ದಡದ ಮಕ್ಕಳನ್ನು ಎಳೆದೊಯ್ಯುವ ಕ್ರೂರಜಂತುವೆಂದು ವರ್ಷಗಟ್ಟಲೆ ವರ್ಣಿಸುತ್ತ ಬಂದಿದ್ದೆವು.

ಗದಗ, ಹುಬ್ಬಳ್ಳಿಗಳನ್ನು ದಾಟಿ ಯಲ್ಲಾಪುರದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿದೆವು. ಮುಂದೆ ಅರಬೈಲು ಘಟ್ಟವಿಳಿದು, ಅಂಕೋಲೆಯ ಮಾರ್ಗವಾಗಿ ಸಂಜೆಗೆ ಕಾರವಾರವನ್ನು ಸೇರಿದೆವು. ಮರುದಿನ ಪ್ರಾತಃಕಾಲ ಸಮುದ್ರಕ್ಕೆ ಹೋಗುವ ಯಂತ್ರದ ದೋಣಿಯೊಂದನ್ನು ಏರಿದೆವು. ಕಾಳಿನದಿಯು ಸಮುದ್ರವನ್ನು ಕೂಡುವ ಸ್ಥಳ, ಅದರ ಉತ್ತರದಂಡೆಯ ಸದಾಶಿವಗಡ, ದೂರದಲ್ಲಿ ಕೂರ್ಮಗಡ ದ್ವೀಪ. ಬಯಲುಸೀಮೆಯ ಕಣ್ಣಿಗೆ ಎಲ್ಲವೂ ಹೊಸದು.

ಸ್ವಲ್ಪ ಹೊತ್ತಿನಲ್ಲಿ ನೀರು ಸೀಳಿ ಬೂದುಬಣ್ಣದ ಬೆನ್ನೊಂದು ಮೇಲೆದ್ದಿತು. ಅದರ ಪಕ್ಕಕ್ಕೆ ಅಂಟಿಕೊಂಡಂತೆ ಇನ್ನೊಂದು ಚಿಕ್ಕ ಬೆನ್ನು. ಹುಡುಗರು ಕೂಗಿದರು. ‘ಇನ್ನೂ ಹತ್ತಿರ ನಡೆಸಪ್ಪ’ ಎಂದು ನಾವೂ ಅವಸರಪಡಿಸಿದೆವು. ದೋಣಿಯವನು ಇಂಜಿನನ್ನೇ ನಿಲ್ಲಿಸಿಬಿಟ್ಟನು. ‘ಮರಿ ಇದೆ ಸ್ವಾಮಿ. ಅಟ್ಟಿಸಿಕೊಂಡು ಹೋಗಬಾರದು. ಬಂದರೆ ಅವೇ ಬರ್ತವೆ’ ಎಂದನು. ವಯಸ್ಸಿನಲ್ಲಿ ನಮ್ಮ ಅರ್ಧವೂ ಇಲ್ಲದವನ ಆ ಮಾತಿಗೆ ನಾವು ಮೌನವಾದೆವು.

ಆ ನಿಶ್ಶಬ್ದದಲ್ಲಿ ‘ಪುಸ್ಸ್’ ಎಂದು ಉಸಿರು ಬಿಟ್ಟ ಸದ್ದು ಕೇಳಿತು. ನಮ್ಮೊಡನಿದ್ದ, ಜೀವನವೆಲ್ಲ ದನಕರುಗಳ ನಡುವೆ ಕಳೆದ ವೃದ್ಧೆಯೊಬ್ಬರು ತಟ್ಟನೆ ಹೇಳಿದರು: ‘ಅಯ್ಯಾರ, ಇದು ಮೀನಲ್ಲರಿ. ನಮ್ಮ ಎಮ್ಮಿ ಕೆರಿಯಾಗ ಮುಳುಗಿ ಎದ್ದು ಉಸಿರು ಬಿಟ್ಟಾಂಗ ಆತು ನೋಡ್ರಿ.’

ಆ ತಾಯಿಯ ಮಾತು ಶಾಸ್ತ್ರಸಮ್ಮತವೇ ಆಗಿದೆ. ಡಾಲ್ಫಿನ್ ಮೀನಲ್ಲ, ಬಿಸಿರಕ್ತದ ಸಸ್ತನಿ. ನೆತ್ತಿಯ ಮೇಲಿನ ಒಂದೇ ರಂಧ್ರದಿಂದ ಉಸಿರಾಡುತ್ತದೆ. ಬಲೆಯಲ್ಲಿ ಸಿಕ್ಕಿ ಮೇಲೆ ಬರಲಾಗದಿದ್ದರೆ ನೀರಿನಲ್ಲೇ ಹುಟ್ಟಿದ ಈ ಪ್ರಾಣಿ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಅದಕ್ಕೆ ಪೂರ್ಣ ನಿದ್ರೆಯೂ ಇಲ್ಲ. ಮೆದುಳಿನ ಒಂದು ಅರ್ಧ ನಿದ್ರಿಸುವಾಗ ಇನ್ನೊಂದು ಅರ್ಧ ಎಚ್ಚರವಿರುತ್ತದೆ.

ಕಾರವಾರದ ದಡದ ಸಮೀಪ ಹೆಚ್ಚಾಗಿ ಕಾಣುವುದು ಗೂನುಬೆನ್ನಿನ ಡಾಲ್ಫಿನ್. ಅಳಿವಿನ ಅಪಾಯದಲ್ಲಿರುವ ಜಾತಿಗಳಲ್ಲಿ ಅದನ್ನು ಎಣಿಸಲಾಗಿದೆ. ಅದರ ಹತ್ತಿರದ ಬಂಧುವೇ ಲೋಕಪ್ರಸಿದ್ಧವಾದ ಬಾಟಲಿಮೂತಿಯ ಡಾಲ್ಫಿನ್. ಅದರ ಜಾತಿಗಳು ಭಾರತದ ಕಡಲುಗಳಲ್ಲಿಯೂ ಉಂಟು. ವಿಜ್ಞಾನಿಗಳು ಅತ್ಯಂತ ಹೆಚ್ಚು ಅಭ್ಯಸಿಸಿದ್ದು ಇದನ್ನೇ. ಇದು ಸುಮಾರು 12 ತಿಂಗಳು ಗರ್ಭ ಧರಿಸಿ ಒಂದೇ ಮರಿಯನ್ನು ಈಯುತ್ತದೆ, ಒಂದೂವರೆ ಎರಡು ವರ್ಷ ಹಾಲೂಡುತ್ತದೆ. ಮರಿಯು ಮೂರರಿಂದ ಆರು ವರ್ಷ ತಾಯಿಯ ಬಳಿಯಲ್ಲೇ ಉಳಿದು ಬೇಟೆಯ ಜಾಣ್ಮೆಯನ್ನು ಕಲಿಯುತ್ತದೆ. ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಕೆಲವು ಡಾಲ್ಫಿನ್‌ಗಳು ಸಮುದ್ರತಳವನ್ನು ಕೆದಕುವಾಗ ಮೂತಿಗೆ ಗಾಯವಾಗದಂತೆ ಸ್ಪಂಜನ್ನು ಕವಚವಾಗಿ ಧರಿಸುತ್ತವೆ. ಈ ವಿದ್ಯೆ ತಾಯಿಯಿಂದ ಮಕ್ಕಳಿಗೆ ಬರುತ್ತದೆ.

ಅದರ ಮೆದುಳು ಸುಮಾರು 1,500 ಗ್ರಾಂ. ಮನುಷ್ಯನದಕ್ಕಿಂತ ತುಸು ಹೆಚ್ಚು. ದೇಹವೂ ದೊಡ್ಡದಾದ್ದರಿಂದ ತೂಕವೊಂದೇ ಬುದ್ಧಿಯ ಅಳತೆಯಾಗಲಾರದು, ನಡತೆಯೇ ಸಾಕ್ಷಿ. ಕತ್ತಲ ನೀರಿನಲ್ಲಿ ಅದು ಟಿಕ್ ಟಿಕ್ ಎಂಬ ನಾದ ಹೊರಡಿಸಿ, ಮರಳಿ ಬಂದ ಪ್ರತಿಧ್ವನಿಯನ್ನು ಕೆಳದವಡೆಯ ಮೂಲಕ ಗ್ರಹಿಸಿ, ಎದುರಿನ ವಸ್ತುವನ್ನು ಅರಿಯುತ್ತದೆ. ಪ್ರತಿಯೊಂದು ಡಾಲ್ಫಿನ್‌ಗೂ ತನ್ನದೇ ಆದ ಸಿಳ್ಳೆಯುಂಟು, ಅದು ಹೆಸರಿನಂತೆ. ತನ್ನ ಸಿಳ್ಳೆಯನ್ನು ಯಾರಾದರೂ ಅನುಕರಿಸಿದರೆ ಅದು ಓಗೊಡುತ್ತದೆಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಇಪ್ಪತ್ತು ವರ್ಷಗಳ ಹಿಂದೆ ಅಗಲಿದ ಸಂಗಾತಿಯ ಸಿಳ್ಳೆಯನ್ನು ಸಹ ಅದು ಗುರುತಿಸಿದ್ದುಂಟು. 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೈಮೇಲೆ ಮಾಡಿದ ಗುರುತನ್ನು ಕನ್ನಡಿಯ ಮುಂದೆ ತಿರುಗಿ ತಿರುಗಿ ಪರೀಕ್ಷಿಸಿಕೊಂಡಿತು. ನಿತ್ರಾಣವಾದ ಸಂಗಾತಿಯನ್ನು ಉಸಿರಿಗಾಗಿ ಮೇಲೆತ್ತಿ ಹಿಡಿಯುವುದನ್ನು, ಸತ್ತ ಮರಿಯನ್ನು ದಿನಗಟ್ಟಲೆ ಹೊತ್ತು ತಿರುಗುವುದನ್ನು ಕಂಡವರಿದ್ದಾರೆ.

ಹಾಗೆಂದು ಅದನ್ನು ಸಾಧುಪ್ರಾಣಿಯೆಂದು ಹೊಗಳಿಬಿಡುವುದೂ ಸಲ್ಲದು. ಸ್ಕಾಟ್ಲೆಂಡಿನಂಥ ಕಡೆಗಳಲ್ಲಿ ಬಾಟಲಿಮೂತಿಯ ಡಾಲ್ಫಿನ್‌ಗಳು ಸ್ವಜಾತಿಯ ಮರಿಗಳನ್ನೇ ಕೊಂದದ್ದು ದಾಖಲೆಯಲ್ಲಿದೆ. ಹೆಸರನ್ನು ನಂಬಿ ದೂಷಿಸುವುದೂ ಅವಸರ, ಕಂಡಷ್ಟಕ್ಕೆ ಪೂಜಿಸುವುದೂ ಅವಸರ. ಅದು ಬುದ್ಧಿಯುಳ್ಳ ಜೀವಿ. ಅದರ ಬಾಳು ಅದಕ್ಕಿದೆ. ಆ ಬಾಳಿಗೆ ನಾವು ಅಡ್ಡಬರದಿರುವುದೇ ಅದಕ್ಕೆ ಸಲ್ಲಿಸುವ ಗೌರವ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಡಾಲ್ಫಿನ್‌ಗಳಿಗೆ ರಕ್ಷಣೆ ನೀಡಿದೆ. ಅವನ್ನು ಸೆರೆಯಿಟ್ಟು ಆಟವಾಡಿಸುವ ಪ್ರದರ್ಶನಗಳಿಗೆ 2013ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರವು ನಿಷೇಧ ಹಾಕಿತು. ಆದರೆ ಕಡಲ ನಡುವೆ ಕಾಯಿದೆ ಓದಿ ಹೇಳುವವರಿರುವುದಿಲ್ಲ. ಅಲ್ಲಿ ಇಂಜಿನ್ ನಿಲ್ಲಿಸುವ ಒಂದು ಕೈ ಬೇಕು, ‘ಹತ್ತಿರ ನಡೆಸು’ ಎನ್ನದ ನಾಲಗೆ ಬೇಕು.

ಊರಿಗೆ ಮರಳಿದ ಮೇಲೆ ಮಕ್ಕಳನ್ನು ಕೂಡಿಸಿ, ಕಂಡದ್ದನ್ನೂ ಓದಿ ತಿಳಿದದ್ದನ್ನೂ ಹೇಳಿದೆವು. ಎಲ್ಲವನ್ನೂ ಕೇಳಿದ ಹುಡುಗನೊಬ್ಬನು, ‘ಅಯ್ಯಾರ, ಹಂಗಾರ ಆ ಹೆಸರಿಟ್ಟವರು ಅದನ್ನ ನೋಡೇ ಇರಲಿಲ್ಲೇನ್ರಿ?’ ಎಂದನು.

‘ಹೆಸರಿಟ್ಟವರ ಮಾತು ಇರಲಿ ತಮ್ಮಾ, ನಿಮಗೆ ಪಾಠ ಹೇಳಿದ ನಾವು ನೋಡಿರಲಿಲ್ಲ’ ಎಂದೆವು. ಅರವತ್ತು ದಾಟಿದ ಮೇಲೆ ಹೀಗೆ ಒಪ್ಪಿಕೊಂಡುದರಿಂದ ನಮಗೆ ಕುಂದೇನೂ ಆಗಲಿಲ್ಲ, ಮನಸ್ಸು ಹಗುರವಾಯಿತು.